ಡಾಕರ್‌ಗೆ ಯಾವ ಸ್ಟೋರೇಜ್ ಡ್ರೈವರ್ ಹಾಕಲಿ?

ಪ್ರಶ್ನೆ: ಉಬುಂಟು ಸರ್ವರ್‌ನಲ್ಲಿ ಡಾಕರ್ (ಪ್ರೋಗ್ರಾಂಗಳನ್ನು ಕಂಟೈನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಂಟೈನರ್ ಚುರುಕಾಗಿ ಓಡಬೇಕು. ಓವರ್‌ಲೇ2, ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್, ಇದರಲ್ಲಿ ಯಾವುದು ಒಳ್ಳೆಯದು?

ಉತ್ತರ: ಸ್ಟೋರೇಜ್ ಡ್ರೈವರ್ ಅಂದರೆ ಕಂಟೈನರ್‌ಗಳ ಫೈಲುಗಳನ್ನು ಡಿಸ್ಕ್‌ನಲ್ಲಿ ಇಟ್ಟು ನೋಡಿಕೊಳ್ಳುವ ಡಾಕರ್‌ನ ಭಾಗ. ಓವರ್‌ಲೇ2 ಇದ್ದರೆ ಹಾಗೇ ಬಿಡಿ. ಡೇಟಾಬೇಸ್‌ಗೋಸ್ಕರ ಡ್ರೈವರ್ ಬದಲಿಸಲು ಹೋಗಬೇಡಿ, ಅದರ ಫೈಲುಗಳು ಡ್ರೈವರ್ ಕೈಗೇ ಸಿಗದ ಹಾಗೆ ನೋಡಿಕೊಳ್ಳಿ.

ಇಮೇಜ್ ಅಂದರೆ ಕಂಟೈನರ್ ಶುರುಮಾಡಲು ಬೇಕಾದ ಫೈಲುಗಳ ಸಿದ್ಧ ಕಟ್ಟು. ಅದರ ಪದರಗಳು ಓದುವುದಕ್ಕೆ ಮಾತ್ರ. ಕಂಟೈನರ್ ಶುರುವಾದಾಗ ಮೇಲೊಂದು ತೆಳು ಪದರ ಸಿಗುತ್ತದೆ, ಬರೆಯುವುದೆಲ್ಲ ಅಲ್ಲಿ. ಕೆಳಗಿನ ಪದರದ ಫೈಲನ್ನು ತಿದ್ದಿದರೆ ಓವರ್‌ಲೇ2 ಮೊದಲು ಇಡೀ ಫೈಲನ್ನೇ ಮೇಲಕ್ಕೆ ನಕಲು ಮಾಡುತ್ತದೆ. 2 ಜಿಬಿ ಫೈಲಿನಲ್ಲಿ ಒಂದು ಬೈಟ್ ಬದಲಾದರೂ ಅಷ್ಟೂ ನಕಲಾಗಬೇಕು! ಒಂದೇ ಸಲ ಅನ್ನುವುದು ಸಮಾಧಾನ. ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಬದಲಾದ ಬ್ಲಾಕ್‌ಗಳನ್ನಷ್ಟೇ ಹೊಸದಾಗಿ ಬರೆಯುತ್ತವೆ. ಹಾಗಂತ ಅವನ್ನೇ ಹಾಕಬೇಕಾ? ಡಿಸ್ಕ್ ಈಗಾಗಲೇ ಆ ಫೈಲ್‌ಸಿಸ್ಟಮ್‌ನಲ್ಲಿದ್ದು, ಅದನ್ನು ಸಂಭಾಳಿಸಿ ಗೊತ್ತಿದ್ದರೆ ಮಾತ್ರ.

ನಿಮ್ಮ ವಿಷಯದಲ್ಲಿ ಇದ್ಯಾವುದೂ ಅಡ್ಡ ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್ ತನ್ನ ಡೇಟಾವನ್ನು ವಾಲ್ಯೂಮ್‌ಗೇ (ಡಾಕರ್ ಬೇರೆಯಾಗಿ ಇಡುವ ಫೋಲ್ಡರ್‌ಗೆ) ಹಾಕುತ್ತದೆ. ವಾಲ್ಯೂಮ್ ಪದರಗಳ ಹೊರಗೆ, ನೇರವಾಗಿ ಸರ್ವರ್‌ನ ಎಕ್ಸ್‌ಟ್4 ಮೇಲೋ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಮೇಲೋ ಇರುತ್ತದೆ. ಆದರೆ ನೀವು ಹೆಸರು ಕೊಡದಿದ್ದರೆ ಅದು ಅನಾಮಧೇಯ ವಾಲ್ಯೂಮ್. ಕಂಟೈನರ್ ಅಳಿಸಿ ಹೊಸದು ಓಡಿಸಿದರೆ ಖಾಲಿ ಡೇಟಾಬೇಸ್ ಎದುರಾಗುತ್ತದೆ. ಎದೆ ಧಸಕ್ಕೆನ್ನುವುದು ಆಗಲೇ ಅಲ್ವಾ? ಹೆಸರಿಟ್ಟೇ ಓಡಿಸಿ.

ಈಗ ಯಾವ ಡ್ರೈವರ್ ಇದೆ ಅನ್ನುವುದು 'ಡಾಕರ್ ಇನ್ಫೋ' ಕಮಾಂಡ್‌ನಲ್ಲಿ ಕಾಣುತ್ತದೆ. ಹೊಸದಾಗಿ ಡಾಕರ್‌ನ 29ನೇ ಆವೃತ್ತಿ ಹಾಕಿದವರಿಗೆ ಅಲ್ಲಿ ಓವರ್‌ಲೇಎಫ್‌ಎಸ್ ಎಂದು ಬರಬಹುದು. ಗಾಬರಿ ಬೇಡ, ಅಡಿಯಲ್ಲಿರುವುದು ಅದೇ ಕರ್ನಲ್ (ಲಿನಕ್ಸ್‌ನ ತಿರುಳು) ಸೌಲಭ್ಯ. ವಿಎಫ್‌ಎಸ್ ಅಂತ ಬಂದರೆ ಮಾತ್ರ ಎಲ್ಲೋ ಎಡವಟ್ಟಾಗಿದೆ. ಅದು ಪ್ರತಿ ಪದರಕ್ಕೂ ಪೂರ್ತಿ ನಕಲು ಇಡುತ್ತದೆ, ಡಿಸ್ಕ್ ಬೇಗ ತುಂಬುತ್ತದೆ. ಎಕ್ಸ್‌ಎಫ್‌ಎಸ್ ಇದ್ದವರು ಎಫ್‌ಟೈಪ್ ಎಂಬ ಸೆಟ್ಟಿಂಗ್ 1 ಇದೆಯಾ ನೋಡಿಕೊಳ್ಳಿ. 0 ಇದ್ದರೆ ಓವರ್‌ಲೇ2 ನಡೆಯುವುದಿಲ್ಲ, ಮತ್ತೆ ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ. ಡಿವೈಸ್‌ಮ್ಯಾಪರ್, ಎಯುಎಫ್‌ಎಸ್ ಡ್ರೈವರ್‌ಗಳನ್ನು ಹಾಕಿ ಅನ್ನುವ ಹಳೇ ಲೇಖನಗಳನ್ನು ಸುಮ್ನೆ ಬಿಟ್ಟುಬಿಡಿ. ಎಯುಎಫ್‌ಎಸ್ ಅನ್ನು 24ನೇ ಆವೃತ್ತಿಯಲ್ಲಿ, ಡಿವೈಸ್‌ಮ್ಯಾಪರ್ ಅನ್ನು 25ನೇ ಆವೃತ್ತಿಯಲ್ಲಿ ಡಾಕರ್‌ನವರೇ ತೆಗೆದುಹಾಕಿದ್ದಾರೆ.

ಡ್ರೈವರ್ ಬದಲಿಸಲೇಬೇಕು ಅಂತಿದ್ದರೆ ಬೇಕಾದ ಇಮೇಜ್‌ಗಳನ್ನು ಮೊದಲೇ ರಿಜಿಸ್ಟ್ರಿಗೆ (ಇಮೇಜ್‌ಗಳನ್ನು ಸಂಗ್ರಹಿಸಿಡುವ ಸರ್ವರ್‌ಗೆ) ಪುಶ್ ಮಾಡಿ. ಬದಲಿಸಿದ ಮೇಲೆ ಹಳೆಯವು ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಡಿಸ್ಕ್‌ನಲ್ಲಿ ಜಾಗ ಹಿಡಿದುಕೊಂಡೇ ಇರುತ್ತವೆ. ಹಳೇ ಡ್ರೈವರ್‌ಗೆ ವಾಪಸ್ ಹೋದರೆ ಮತ್ತೆ ಕಾಣುತ್ತವೆ.