ಡಿಡ್ ಬಂದ ಮ್ಯಾಗ ಜಂಪ್‌ಗೆ ಇಡಿ ಯಾಕ್ರಿ?

ಜಂಪ್ ಅಂದ್ರ ಏನಂತ ನಮ್ಮ ಕಲಬುರಗಿ ಹುಡುಗ್ರಿಗಿ ಹೇಳೋದೇ ಬ್ಯಾಡ, ಎಸ್‌ವಿಪಿ ಸರ್ಕಲ್‌ನ್ಯಾಗ ಸ್ವಲ್ಪ ಹೊತ್ತು ನಿಂತ್ರ ಸಿಗ್ನಲ್ ಜಂಪ್ ಅಂದ್ರೇನಂತ ತಾನೇ ತಿಳೀತದ. ಬಾವ್ಯಾಗ ಹಾರಿದ ಅನ್ಲಿಕ್ಕಿ ಫ್ಲೈ ಹಚ್ಚಿ ಬರೆಯೋರೂ ಇದ್ದಾರ, ಇರ್ಲಿ, ಅದು ಇನ್ನೊಂದಿನ. ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗಿ ಬರೋ ಪಿಯು ಹುಡುಗೂರು, ಡಿಗ್ರಿ ಮುಗಿಸಿದೋರು, ಬ್ಯಾಂಕ್ ಎಕ್ಸಾಮ್ ಬರೆಯೋರು, ಅಂಗಡಿ ಇಟ್ಕೊಂಡು ಸಂಜಿ ಬಿಡುವು ಮಾಡ್ಕೊಂಡು ಬರೋರು, ಎಲ್ಲಾರೂ ಬಂದು ಬೀಳೋದು ಒಂದೇ ಕಡಿ: ‘ಹಿ ಡಿಡ್ ನಾಟ್ ಜಂಪ್ಡ್.’ ತಿದ್ದಿ ತಿದ್ದಿ ಸಾಕಾಗ್ಯಾದ್ರಿ.

ನಿನ್ನಿ ಆಗಿದ್ದು ಅಂತ ತೋರ್ಸೋ ಕೆಲಸ ಒಂದು ವಾಕ್ಯದಾಗ ಒಂದು ಸಲ ಆದ್ರ ಮುಗೀತು. ‘ಹಿ ಜಂಪ್ಡ್’ ಅಂದಾಗ ಆ ಕೆಲಸ ಶಬ್ದದ ಕೊನಿಗಿ ಹಚ್ಚೋ ಇಡಿ (-ed) ಮಾಡ್ತದ. ಇಲ್ಲ ಅನ್ಲಿಕ್ಕೋ, ಕೇಳ್ಲಿಕ್ಕೋ ಡಿಡ್ ಬಂತಂದ್ರ ಆ ಕೆಲಸ ಡಿಡ್ ತಗೊಂತು, ಜಂಪ್ ಬರಿಗೈಲೆ ನಿಂತ್ಕೋಬೇಕು. ಹಿ ಡಿಡ್ ನಾಟ್ ಜಂಪ್. ಡಿಡ್ ಹಿ ಜಂಪ್? ವೈ ಡಿಡ್ ಹಿ ಜಂಪ್? ಮೂರರಾಗೂ ಇಡಿ ಇಲ್ಲ. ಇಷ್ಟೇ ಅದ, ಆದ್ರ ಇಷ್ಟು ಹೇಳಿ ಬಿಟ್ರ ಮರುದಿನ ಮತ್ತ ಜಂಪ್ಡ್ ಅಂತ ಬರ್ಕೊಂಡ್ ಬರ್ತಾರ, ಅದಕ್ಕ ನಾ ಕನ್ನಡದಿಂದಲೇ ಹಿಡೀತೀನಿ.

‘ಜಿಗಿದ’ ಅಂತೀರಿ. ಇಲ್ಲ ಅನ್ನೋವಾಗ? ‘ಜಿಗೀಲಿಲ್ಲ’. ಆ ‘ದ’ ಎಲ್ಲಿಗಿ ಹೋಯ್ತು? ಬಂದ, ಬರ್ಲಿಲ್ಲ. ತಿಂದ, ತಿನ್ಲಿಲ್ಲ. ಹುಟ್ಟಿದಾಗಿಂದ ‘ದ’ ಬಿಟ್ಟೇ ಮಾತಾಡಿದ ಮಂದಿ ನಾವು, ಇಂಗ್ಲಿಷ್ ಬಂದ ಕೂಡ್ಲೇ ಎರಡೂ ಕಡಿ ಹಚ್ತೀವಿ! ಇಲ್ಲಿಗಿ ಬಂದಾಗ ಕ್ಲಾಸಿನ್ಯಾಗ ಒಬ್ಬಾಕಿ ಶಾಣ್ಯಾಕಿ ಕೈ ಎತ್ತೇ ಎತ್ತತಾಳ: “ಮೇಡಂ, ಇನ್ನಾ ಜಿಗಿದಿಲ್ಲ ಅಂತೀವಲ್ರಿ, ಅಲ್ಲಿ ದ ಅದಲ್ರಿ?” ಖರೇ ಅದವ್ವಾ. ಅದು ಹ್ಯಾಸ್ ನಾಟ್ ಜಾಗ, ಅವನ ಸರದಿ ಇನ್ನಾ ಬಂದಿಲ್ಲ, ಇನ್ನಾ ಜಿಗಿದಿಲ್ಲ: ‘ಹಿ ಹ್ಯಾಸ್ ನಾಟ್ ಜಂಪ್ಡ್ ಯೆಟ್.’ ಹ್ಯಾಸ್, ಹ್ಯಾವ್, ಹ್ಯಾಡ್ ಬಂದ್ರ ಇಡಿ ಬೇಕೇ ಬೇಕು. ಜಿಗೀಲಿಲ್ಲ ಅಂದ್ರ ಡಿಡ್ ನಾಟ್ ಜಂಪ್, ಜಿಗಿದಿಲ್ಲ ಅಂದ್ರ ಹ್ಯಾಸ್ ನಾಟ್ ಜಂಪ್ಡ್. ಇವೆರಡೂ ಕಲಸಿಬಿಟ್ಟಾಗ ಹುಟ್ಟೋ ಕೂಸೇ ಡಿಡ್ ನಾಟ್ ಜಂಪ್ಡ್, ಹಂಗಂತ ನನಗನಸ್ತದ.

ಮನ್ಯಾಗ ದಖ್ಖನಿ ಉರ್ದು ಮಾತಾಡೋ ಮಕ್ಕಳಿಗಿ ಇಲ್ಲಿ ಸ್ವಲ್ಪ ಕಷ್ಟ ಜಾಸ್ತಿ, ಯಾಕಂದ್ರ ‘ಕೂದಾ’ (ಜಿಗಿದ) ಅನ್ನೋದು ‘ನೈ ಕೂದಾ’ ಆದ್ರೂ ಕೂದಾ ಹಂಗೇ ಉಳೀತದ. ಅವರಿಗಿ ನಾ ಹೇಳೋದು, ಇದೊಂದರಾಗ ಕನ್ನಡದ ದಾರಿ ಹಿಡೀರಪಾ ಅಂತ. ನಮ್ಮೂರ ಮಕ್ಕಳ ಬಾಯಾಗ ಎರಡೂ ಇರ್ತಾವ, ಅದೊಂದು ಪುಣ್ಯ.

ಇನ್ನೊಂದು ಬೇರು ಅದ, ಅದು ‘ಮಾಡು’. ಅಫಜಲಪುರ ಕಡಿ ಹುಡುಗ ಒಬ್ಬ ಕಾನ್‌ಸ್ಟೇಬಲ್ ಭರ್ತಿಗಂತ ದಿನಾ ಮುಂಜಾನಿ ಲಾಂಗ್ ಜಂಪ್ ಪ್ರಾಕ್ಟೀಸ್ ಮಾಡಿ ಪ್ಯಾಂಟಿನ ಉಸುಕೂ ಝಾಡಿಸ್ದೆ ಕ್ಲಾಸಿಗಿ ಬರ್ತಿದ್ದ, ಕುಂತ ಬೆಂಚಿನ ಕೆಳಗ ಸಣ್ಣ ಗುಡ್ಡಿ ಬೀಳ್ತಿತ್ತು. ಹೆಂಗಾಯ್ತಪಾ ಅಂದ್ರ “ಐ ಡಿಡ್ ಜಂಪ್ಡ್ ಗುಡ್ ಮೇಡಂ.” ಡಿಡ್ ಯಾಕೋ? “ಜಂಪ್ ಮಾಡ್ದೆ ಅಂತೀವಲ್ರಿ, ಮಾಡ್ದೆಗೆ ಡಿಡ್ ಬ್ಯಾಡೇನ್ರಿ?” ನಗೂನೂ ಬಂತು, ಸಿಟ್ಟೂ ಬಂತು, ಆದ್ರ ಅವನ ಲೆಕ್ಕಕ್ಕ ಒಂದು ಅರ್ಥ ಇತ್ತು ನೋಡ್ರಿ. ಕನ್ನಡದಾಗ ಇಂಗ್ಲಿಷ್ ಶಬ್ದ ಬಂದ್ರ ಹಿಂದ ಹೆಚ್ಚಾಗಿ ‘ಮಾಡು’ ಹಚ್ತೀವಿ, ಫೋನ್ ಮಾಡು, ಜಂಪ್ ಮಾಡು. ಇಂಗ್ಲಿಷಿನ್ಯಾಗ ಜಂಪ್ ಒಳಗೇ ಮಾಡೋದೂ ಬಂತು, ‘ಐ ಜಂಪ್ಡ್ ವೆಲ್’ ಅಂದ್ರ ಸಾಕು. ‘ಐ ಡಿಡ್ ಜಂಪ್’ ಅನ್ನೋದು ತಪ್ಪೇನಲ್ಲ, ಆದ್ರ ಅದು ಯಾರಾದ್ರೂ ನೀ ಜಿಗದೇ ಇಲ್ಲ ಅಂತ ಜಗಳಕ್ಕ ಬಂದಾಗ ‘ಜಿಗದೀನ್ರೀ!’ ಅಂತ ಒತ್ತಿ ಹೇಳೋದು. ಅಲ್ಲಿನೂ ಇಡಿ ಇಲ್ಲ, ನೆನಪಿರ್ಲಿ.

ಅವನಿಗಿ ಅವನ ಆಟದಿಂದಲೇ ವಾಕ್ಯ ಕೊಟ್ಟೆ. ಬಾಬ್ ಬೀಮನ್ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ್ಯಾಗ 8.90 ಮೀಟರ್ ಜಿಗಿದ, ಮೈಕ್ ಪೊವೆಲ್ 1991ರಾಗ ಟೋಕಿಯೊದಾಗ 8.95 ಜಿಗಿದು ಆ ದಾಖಲೆ ಮುರದ. ಬರಿ ಅಂದೆ: ‘ಬೀಮನ್ ಡಿಡ್ ನಾಟ್ ಜಂಪ್ 8.95 ಮೀಟರ್ಸ್, ಹಿ ಜಂಪ್ಡ್ 8.90.’ ಬರದ, ಆಮ್ಯಾಗ ತಲಿ ಎತ್ತಿ “ಡಿಡ್ ಎನಿಬಡಿ ಜಂಪ್ ನೈನ್, ಮೇಡಂ?” ಅಂದ, ತಪ್ಪಿಲ್ದೆ! ‘ನೋಬಡಿ ಹ್ಯಾಸ್ ಜಂಪ್ಡ್ ನೈನ್ ಯೆಟ್’ ಅಂದೆ. ಹ್ಯಾಸ್ ಬಂತಲ್ಲ, ಇಡಿ ತಿರುಗಿ ಬಂತು.

ನಿವೃತ್ತ ಮಾಸ್ತರರೊಬ್ಬರು ಕೇಳಿದ್ರು, ಹಳೀ ಇಂಗ್ಲಿಷ್ ಬೈಬಲ್‌ನ್ಯಾಗ ‘ನ್ಯೂ ಹಿಮ್ ನಾಟ್’ (knew him not, ಅವನನ್ನ ಅರೀಲಿಲ್ಲ) ಅಂತ ಅದಲ್ರಿ, ಡಿಡ್ ಎಲ್ಯದ? ಅದು 1611ರ ಭಾಷೆ ಸರ್, ಆಗ ಹಂಗೂ ನಡೀತಿತ್ತು, ಇವತ್ತ ‘ಹಿ ಜಂಪ್ಡ್ ನಾಟ್’ ಅಂದ್ರ ಇಂಟರ್‌ವ್ಯೂದಾಗ ಕುಂತೋರು ಮುಖ ಮುಖ ನೋಡ್ತಾರ.

ಕಿವಿನೂ ಮೋಸ ಮಾಡ್ತದ. ಜಂಪ್ಡ್ ಅಂತ ಬರದ್ರೂ ಬಾಯಾಗ ಅದು ‘ಜಂಪ್ಟ್’, ‘ಜಂಪೆಡ್’ ಅಂತೂ ಅಲ್ವೇ ಅಲ್ಲ. ಹಿಂಗಾಗಿ ಟಿವ್ಯಾಗ ಯಾರಾದ್ರೂ ‘ಡಿಡ್ ನಾಟ್ ಜಂಪ್ ಟು ಕನ್‌ಕ್ಲೂಷನ್ಸ್’ ಅಂದ್ರ ಜಂಪ್ ಟು ಅನ್ನೋದು ಜಂಪ್ಟ್ ಆಗಿ ಕೇಳ್ತದ, ಅವರೂ ಅಂದ್ರಲ್ಲ ಅಂತ ನೀವು ನನ್ನ ಜೋಡಿ ವಾದಕ್ಕ ಬರ್ತೀರಿ.

ಮಾತಾಡೋವಾಗ ಇದು ತಪ್ಪಿದ್ರ ಮಾತು ನಿಲ್ಲಿಸಬ್ಯಾಡ್ರಿ, ಎದುರಿನೋರಿಗಿ ತಿಳೀತದ. ಆದ್ರ ಬ್ಯಾಂಕ್ ಎಕ್ಸಾಮ್‌ನ್ಯಾಗ ತಪ್ಪು ಹುಡ್ಕೋ ಪ್ರಶ್ನಿ ಬಂದಾಗ ಡಿಡ್ ಕಂಡ್ರ ಮುಂದಿನ ಕ್ರಿಯಾಪದ ಎಲ್ಲದ ಅಂತ ಹುಡುಕ್ರಿ, ನಡುವ ಉದ್ದನೆ ಮಾತು ತುರುಕಿ ಅದನ್ನ ದೂರ ಇಟ್ಟಿರಬಹುದು. ಇದೇ ಪ್ರಶ್ನಿ ಬರ್ತದಂತ ನಾ ಗ್ಯಾರಂಟಿ ಕೊಡಂಗಿಲ್ಲ.