ಆರ್ಕೇಡ್ ಪೆಟ್ಟಿಗೆಯ ಸಿಆರ್‌ಟಿ (ಹಳೆಯ ಪಿಕ್ಚರ್ ಟ್ಯೂಬ್): ಪರದೆಯಲ್ಲಿ ಒಂದೇ ಗೆರೆ ಬಂದರೆ

ಆಟದ ಸದ್ದು ಸರಿಯಾಗಿದೆ, ಪರದೆಯ ನಡುವೆ ಮಾತ್ರ ಎಡದಿಂದ ಬಲಕ್ಕೆ ಒಂದು ಬಿಳಿ ಗೆರೆ. ಮೊದಲು ಫ್ಲೈಬ್ಯಾಕ್ (ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಮೇಲಿನ 'ಸ್ಕ್ರೀನ್' ತಿರುಪನ್ನು ಗೆರೆ ಮಂಕಾಗುವ ತನಕ ಇಳಿಸಿ. ಇಲ್ಲವಾದರೆ ಪರದೆಯ ಒಳಗಿನ ಹೊಳೆಯುವ ಲೇಪ (ಫಾಸ್ಫರ್) ಸುಟ್ಟು ಅಲ್ಲೇ ಕಲೆ ಉಳಿಯುತ್ತದೆ.

ಎಡವುವುದು ಇಲ್ಲಿ: ಗೆರೆ ಅಡ್ಡ ಇದೆ, ಆದ್ದರಿಂದ ಹಾರಿಜಾಂಟಲ್ ಸರ್ಕ್ಯೂಟ್ ಕೆಟ್ಟಿದೆ ಅನ್ನಿಸುತ್ತದೆ. ಅಲ್ಲ. ಟ್ಯೂಬಿನ ಎಲೆಕ್ಟ್ರಾನ್ ಕಿರಣ ಎಡಬಲ ಓಡುತ್ತಿರುವುದರಿಂದಲೇ ಗೆರೆ ಮೂಡಿದೆ, ಅಂದರೆ ಹಾರಿಜಾಂಟಲ್ ನಡೆಯುತ್ತಿದೆ. ಅದನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಸರ್ಕ್ಯೂಟ್ ನಿಂತಿದೆ. ಫ್ಲೈಬ್ಯಾಕನ್ನು ನಡೆಸುವುದೇ ಹಾರಿಜಾಂಟಲ್ ಔಟ್‌ಪುಟ್. ಅದು ಸತ್ತರೆ ಹೈವೋಲ್ಟೇಜ್ ಹೋಗಿ ಪರದೆ ಪೂರ್ತಿ ಕಪ್ಪಾಗುತ್ತದೆ. ಪ್ಯಾಕ್‌ಮ್ಯಾನ್ ಥರದ ಆಟಕ್ಕೆ ಟ್ಯೂಬನ್ನು 90 ಡಿಗ್ರಿ ತಿರುಗಿಸಿ ಕೂರಿಸಿದ್ದರೆ ಇದೇ ದೋಷ ನಿಂತ ಗೆರೆಯಾಗಿ ಕಾಣುತ್ತದೆ. ಅದಕ್ಕೇ ಟ್ಯೂಬಿನ ಉದ್ದ ಬದಿಯನ್ನು ನೋಡಿ. ಗೆರೆ ಅದಕ್ಕೆ ಸಮಾನಾಂತರವಾಗಿದ್ದರೆ ವರ್ಟಿಕಲ್ಲೇ.

ಕೈ ಹಾಕುವ ಮೊದಲು ಪ್ಲಗ್ ಕಿತ್ತು, ಸ್ಕ್ರೂಡ್ರೈವರಿನ ಲೋಹಕ್ಕೆ ಕ್ಲಿಪ್ ವೈರ್ ಹಾಕಿ, ಇನ್ನೊಂದು ತುದಿಯನ್ನು ಟ್ಯೂಬಿನ ಹಿಂದಿನ ಹೆಣೆದ ಅರ್ಥ್ ತಂತಿಗೆ ಕಟ್ಟಿ. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಆ್ಯನೋಡ್ ರಬ್ಬರಿನಡಿ (ಫ್ಲೈಬ್ಯಾಕಿನ ದಪ್ಪ ತಂತಿ ಟ್ಯೂಬಿಗೆ ಸೇರುವ ಜಾಗ) ತೂರಿಸಿ. ಅಲ್ಲಿ 20 ಸಾವಿರ ವೋಲ್ಟ್‌ಗೂ ಹೆಚ್ಚು ಇರುತ್ತದೆ, ಟ್ಯೂಬಿನಲ್ಲಿ ಉಳಿಕೆ ಚಾರ್ಜ್ ಮತ್ತೆ ಏರುವುದರಿಂದ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮಾಡಿ. ಮೇನ್ಸ್ ಫಿಲ್ಟರ್ ಕೆಪಾಸಿಟರಿನಲ್ಲಿ 320 ವೋಲ್ಟ್ ಆಸುಪಾಸು ನಿಂತಿರಬಹುದು. ಅದರ ಎರಡು ಕಾಲುಗಳಿಗೆ 100 ವ್ಯಾಟ್ ಬಲ್ಬಿನ ತಂತಿ ತಾಗಿಸಿ ಇಳಿಸಿ.

ಹೆಚ್ಚಿನ ಸಲ ಕಾರಣ ಡ್ರೈ ಸೋಲ್ಡರ್, ಅಂದರೆ ಬಿರುಕು ಬಿಟ್ಟ ಬೆಸುಗೆ. ಹೀಟ್‌ಸಿಂಕಿಗೆ ಬಿಗಿದ ವರ್ಟಿಕಲ್ ಐಸಿಯ ಕಾಲುಗಳು ಮತ್ತು ಯೋಕ್ (ಟ್ಯೂಬಿನ ಕತ್ತಿನ ಕಾಯಿಲ್) ಕನೆಕ್ಟರಿನ ಪಿನ್‌ಗಳ ಸುತ್ತ ಉಂಗುರದಂಥ ಬಿರುಕು ಹುಡುಕಿ. ಹಳೆಯ ಸೀಸ ತೆಗೆದು ಹೊಸ 60/40 (ತವರ-ಸೀಸ) ಸೋಲ್ಡರ್ ಹಾಕಿ.

ಅದಕ್ಕೂ ಗೆರೆ ಹೋಗದಿದ್ದರೆ ಪೆಟ್ಟಿಗೆ ಆನ್ ಇಟ್ಟು ಐಸಿಯ ಸಪ್ಲೈ ಅಳೆಯಿರಿ, ಸಾಮಾನ್ಯವಾಗಿ 24 ವೋಲ್ಟ್ ಸುಮಾರು. ಮೀಟರಿನ ಕಪ್ಪು ತಂತಿಯನ್ನು ಮೇನ್ಸ್ ಕಡೆಯ ಗ್ರೌಂಡಿಗೆ ಇಡಬೇಡಿ, ಪೆಟ್ಟಿಗೆಗೆ ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಸಪ್ಲೈ ಸೊನ್ನೆಯಾಗಿದ್ದರೆ ಹೆಚ್ಚಾಗಿ ದಾರಿಯಲ್ಲಿರುವ, ಫ್ಯೂಸಿನಂತೆ ಸುಡುವ ಫ್ಯೂಸಿಬಲ್ ರೆಸಿಸ್ಟರ್ ಹೋಗಿರುತ್ತದೆ. ಅದನ್ನಷ್ಟೇ ಬದಲಿಸಿದರೆ ಮತ್ತೆ ಸುಡುತ್ತದೆ, ಐಸಿ ಶಾರ್ಟ್ ಆಗಿದೆಯೇ ಎಂದು ಮೊದಲು ನೋಡಿ.

ಗೆರೆ ಹೋಗಿ, ಚಿತ್ರದ ಮೇಲಂಚು ಮಡಚಿಕೊಂಡರೆ ಐಸಿ ಪಕ್ಕದ, ಅದರ ವೋಲ್ಟೇಜ್ ಕ್ಷಣಕಾಲ ಏರಿಸುವ ಪಂಪ್‌ಅಪ್ ಕೆಪಾಸಿಟರ್ ಒಣಗಿದೆ. ಬಹಳಷ್ಟು ಬೋರ್ಡುಗಳಲ್ಲಿ 100 ಮೈಕ್ರೊಫ್ಯಾರಡ್. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್ ಇರುವ ಹೊಸದು ಹಾಕಿ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಪ್ಲೈವುಡ್ ಒಳಗೆ ಇನ್ನೂ ಹೆಚ್ಚು. ಹಾಗಾಗಿ ಅಂಗಡಿಯಲ್ಲಿ 85 ಡಿಗ್ರಿ ತಾಳುವ ಕೆಪಾಸಿಟರ್ ಕೊಟ್ಟರೆ ಬೇಡವೆನ್ನಿ, 105ರದೇ ಕೇಳಿ.