‘ಒಳಮನಸ್ಸು ಬೇಡ ಅಂತಿದೆ, ಮೇಡಂ’

ಹದಿನೆಂಟು ವರ್ಷ ವಾರ್ಡಿನಲ್ಲಿ ದುಡಿದ ಸ್ಟಾಫ್ ನರ್ಸ್ ಒಬ್ಬರು ನನ್ನೆದುರು ಕೂತು ಹೇಳಿದ ಮೊದಲ ಮಾತು ಇದು. ವಾರ್ಡ್ ಇನ್‌ಚಾರ್ಜ್ ಆಗಿ ಬಡ್ತಿ ಬಂದಿದೆ, ಮನೆಯವರಿಗೆಲ್ಲ ಖುಷಿ. ಇವರಿಗೆ ಮಾತ್ರ ಆದೇಶ ಕೈಸೇರಿದ ದಿನದಿಂದ ಊಟ ಸೇರುತ್ತಿಲ್ಲ, ಬೆಳಗಿನ ಜಾವ ಮೂರಕ್ಕೆಲ್ಲ ಎಚ್ಚರ. ‘ಬೇಡ ಅಂತ ಒಳಗಿನಿಂದಲೇ ಬರ್ತಿದೆ. ಅದನ್ನ ಕೇಳ್ಬೇಕಲ್ವಾ?’ (ಗುರುತು ಸಿಗಬಾರದೆಂದು ಒಂದಿಬ್ಬರ ಅನುಭವ ಬೆರೆಸಿ, ವಿವರ ಬದಲಿಸಿ ಬರೆಯುತ್ತಿದ್ದೇನೆ.)

ಆಪ್ತಸಮಾಲೋಚಕಿಯಾದ ನನ್ನ ಕಿವಿಗೆ ಈ ಪ್ರಶ್ನೆ ಆಗಾಗ ಬೀಳುತ್ತದೆ. ‘ನಿಮ್ಮ ಒಳದನಿಯನ್ನು ನಂಬಿ’ ಎಂಬ ಸಂದೇಶ ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುತ್ತದೆ. ಯಾವ ವಿಷಯದಲ್ಲಿ ನಂಬಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಅದೇ.

ಹಾಗಾಗಿ ಮೊದಲು ಅವರ ವಾರ್ಡಿನ ಬಗ್ಗೆ ಕೇಳಿದೆ. ಒಂದು ರಾತ್ರಿಯ ಸಂಗತಿ ಹೇಳಿದರು. ಒಬ್ಬ ರೋಗಿಯ ಬಿಪಿ, ನಾಡಿ, ಜ್ವರ ಎಲ್ಲವೂ ಚಾರ್ಟಿನಲ್ಲಿ ಸರಿಯಾಗಿಯೇ ಇತ್ತು. ಆದರೂ ಇವರಿಗೆ ಸಮಾಧಾನವಿಲ್ಲ. ಡ್ಯೂಟಿ ಡಾಕ್ಟರನ್ನು ಎಬ್ಬಿಸಿ ‘ಯಾಕೋ ಸರಿ ಕಾಣ್ತಿಲ್ಲ ಡಾಕ್ಟ್ರೇ’ ಅಂದರು. ಎರಡು ಗಂಟೆಯೊಳಗೆ ಬಿಪಿ ಕುಸಿಯಿತು. ನಿಮಗೆ ಹೇಗೆ ಗೊತ್ತಾಯ್ತು ಎಂದರೆ, ‘ಗೊತ್ತಿಲ್ಲ, ಅನ್ನಿಸ್ತು ಅಷ್ಟೆ’ ಎಂದರು. ನಾನು ಬಿಡದೆ ಆ ರಾತ್ರಿಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಸಿದೆ. ಸಂಜೆ ಗಂಜಿಗೆ ಉಪ್ಪಿಲ್ಲ ಅಂತ ಹೆಂಡತಿಗೆ ಗದರಿದ್ದ ಮನುಷ್ಯ, ರಾತ್ರಿ ಬಿಪಿ ನೋಡಲು ಹೋದರೆ ಕಣ್ಣೂ ಬಿಡದೆ ತೋಳು ಚಾಚಿದ್ದ. ಹೊದಿಕೆ ಸರಿಮಾಡುವಾಗ ಪಾದ ತಣ್ಣಗಿತ್ತು. ‘ಅಯ್ಯೋ ಹೌದಲ್ವಾ’ ಎಂದು ತಾವೇ ಬೆರಗಾದರು.

ಅಂತಃಪ್ರಜ್ಞೆ ಅನ್ನುವುದರಲ್ಲಿ ಹೆಚ್ಚಿನ ಪಾಲು ಇದೇ. ಕಣ್ಣು, ಕೈ, ಮೂಗು ವರ್ಷಗಟ್ಟಲೆ ಕೂಡಿಟ್ಟ ತಿಳಿವಳಿಕೆ, ಮಾತಿಗೆ ಸಿಗುವ ಮೊದಲೇ ಮೈಗೆ ಮುಟ್ಟುತ್ತದೆ. ಅಮೆರಿಕದ ಸಂಶೋಧಕಿ ಬೆತ್ ಕ್ರ್ಯಾಂಡಲ್ ಮತ್ತು ಸಂಗಡಿಗರು ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ನೋಡಿಕೊಳ್ಳುವ ನರ್ಸ್‌ಗಳನ್ನು ಮಾತಾಡಿಸಿದಾಗಲೂ ಇದನ್ನೇ ಕಂಡರು. ರಕ್ತಪರೀಕ್ಷೆ ಹೇಳುವ ಮುಂಚೆಯೇ ಸೋಂಕು ಅವರಿಗೆ ‘ಅನ್ನಿಸಿರುತ್ತಿತ್ತು’. ಕೆದಕಿ ಕೇಳಿದಾಗ ಹೊರಬಂದ ಕೆಲವು ಲಕ್ಷಣಗಳು ಆಗಿನ ಪಠ್ಯಗಳಲ್ಲೇ ಇರಲಿಲ್ಲ.

ಹಾಗಾದರೆ ಅನ್ನಿಸಿದ್ದನ್ನೆಲ್ಲ ನಂಬಬಹುದೇ? ಒಳದನಿಯ ಪರ ವಾದಿಸುತ್ತಿದ್ದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಮತ್ತು ಅದನ್ನು ಅನುಮಾನದಿಂದ ನೋಡುತ್ತಿದ್ದ ಇನ್ನೊಬ್ಬ ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ 2009ರಲ್ಲಿ ಒಟ್ಟಿಗೆ ಒಂದು ಲೇಖನ ಬರೆದರು. ಇಬ್ಬರೂ ಒಪ್ಪಿದ್ದು ಎರಡು ಷರತ್ತುಗಳಿಗೆ. ಆ ಕ್ಷೇತ್ರದಲ್ಲಿ ಸಂಗತಿಗಳು ಒಂದು ಕ್ರಮದಲ್ಲಿ ನಡೆಯಬೇಕು. ನಮ್ಮ ಊಹೆ ಸರಿಯೋ ತಪ್ಪೋ ಎಂಬುದು ಮತ್ತೆ ಮತ್ತೆ, ಬೇಗ ಗೊತ್ತಾಗುವ ಹಾಗಿರಬೇಕು. ವಾರ್ಡಿನಲ್ಲಿ ಎರಡೂ ಇವೆ. ಷೇರು ಪೇಟೆಯಲ್ಲಿ ಇಲ್ಲ. ಹತ್ತು ನಿಮಿಷ ಹುಡುಗನ ಮುಖ ನೋಡಿ ಸಂಬಂಧ ಒಪ್ಪುವ ಕಡೆ ಇವೆಯೇ? ನನಗಂತೂ ಇವೆ ಅನ್ನಿಸುವುದಿಲ್ಲ.

‘ನೀವು ಇದುವರೆಗೆ ಎಷ್ಟು ಸಲ ಇನ್‌ಚಾರ್ಜ್ ಆಗಿದ್ದೀರಿ?’ ಎಂದು ಕೇಳಿದೆ. ‘ಒಂದು ಸಲವೂ ಇಲ್ಲ.’ ಅಂದಮೇಲೆ ಆ ಕೆಲಸ ಬೇಡ ಎಂದು ಹೇಳುವಷ್ಟು ಅನುಭವ ಆ ಒಳಮನಸ್ಸಿಗೆ ಎಲ್ಲಿಂದ ಬಂತು? ಹಾಗಂತ ಅದನ್ನು ತಳ್ಳಿಹಾಕಲೂ ನನಗೆ ಮನಸ್ಸಾಗಲಿಲ್ಲ. ಊಟ ಬಿಡಿಸುವಷ್ಟು ಗಟ್ಟಿಯಾಗಿ ಅದು ಏನನ್ನೋ ಹೇಳುತ್ತಿತ್ತು. ಏನನ್ನು ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ಇಲ್ಲಿ ನಾನು ಆಶ್ರಯಿಸುವುದು ಯುಜೀನ್ ಜೆಂಡ್ಲಿನ್ ಕಲಿಸಿದ ದಾರಿಯನ್ನು. 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಈ ತತ್ತ್ವಜ್ಞಾನಿ, ಷಿಕಾಗೊದಲ್ಲಿ ಹೆಸರಾಂತ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಜೊತೆ ಕೆಲಸ ಮಾಡಿದವರು. ಚಿಕಿತ್ಸೆಯ ಮಾತುಕತೆಗಳ ಧ್ವನಿಮುದ್ರಣ ಕೇಳಿ ಕೇಳಿ ಅವರೂ ಜೊತೆಯವರೂ ಒಂದು ಸಂಗತಿ ಗುರುತಿಸಿದರು. ಗುಣವಾಗುವವರು ಲೀಲಾಜಾಲವಾಗಿ ಮಾತಾಡುವವರಲ್ಲ. ನಡುವೆ ತಡೆದು, ‘ಹಾಗಲ್ಲ... ಹೇಗೆ ಹೇಳಲಿ...’ ಎಂದು ಒಳಗೆ ತಡಕಾಡುವವರು. ಆ ತಡಕಾಟವನ್ನು ಕಲಿಸಬಹುದು ಎಂಬುದೇ ಅವರ ಕಾಣಿಕೆ.

ಆದೇಶದ ಪತ್ರ ನೆನೆಸಿಕೊಂಡು ಮೈಯಲ್ಲಿ ಎಲ್ಲಿ ಏನಾಗುತ್ತದೆ ನೋಡಿ ಎಂದೆ. ಅಂಗೈಯನ್ನು ಹೊಟ್ಟೆಯ ಮೇಲ್ಭಾಗಕ್ಕೆ ಒತ್ತಿಕೊಂಡರು. ‘ಇಲ್ಲಿ, ಗಂಟು ಬಿಗಿದ ಹಾಗೆ.’

‘ಭಯವಾ?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಲ್ಲ. ಭಯ ಇದೆ, ಅದು ಇಲ್ಲಲ್ಲ. ಗಂಟಲಲ್ಲಿದೆ.’

ಬೇಡ ಎನ್ನುತ್ತಿದ್ದುದು ಒಂದಲ್ಲ, ಎರಡು. ಗಂಟಲಿನದು ಬೇಗ ಬಾಯಿಬಿಟ್ಟಿತು. ಇನ್‌ಚಾರ್ಜ್ ಆದರೆ ಮೀಟಿಂಗ್‌ನಲ್ಲಿ ದೊಡ್ಡ ಡಾಕ್ಟರುಗಳ ಎದುರು ಇಂಗ್ಲಿಷಿನಲ್ಲಿ ವರದಿ ಹೇಳಬೇಕು. ಎಂಟನೇ ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ಓದುವಾಗ ತಡವರಿಸಿ, ತರಗತಿಯೆಲ್ಲ ನಕ್ಕಿದ್ದು ನಿನ್ನೆ ನಡೆದ ಹಾಗಿದೆ ಅವರಿಗೆ. ಇದು ಹಳೆಯ ಗಾಯ. ಮುಂದಿನ ದಾರಿಯ ಬಗ್ಗೆ ಇದಕ್ಕೆ ಏನೂ ತಿಳಿಯದು, ಆದರೆ ಒಳಮನಸ್ಸಿನ ದನಿಯಲ್ಲೇ ಮಾತಾಡುತ್ತದೆ.

ಹೊಟ್ಟೆಯ ಗಂಟು ಮಾತ್ರ ಬಿಚ್ಚಿಕೊಳ್ಳಲಿಲ್ಲ. ‘ಜವಾಬ್ದಾರಿ ಜಾಸ್ತಿ ಆಗುತ್ತೆ ಅಂತಲಾ?’ ಎಂದೆ. ಅಲ್ಲ ಎಂದು ತಲೆಯಾಡಿಸಿದರು. ನನ್ನ ಊಹೆ ತಪ್ಪಿತ್ತು. ಗೋಡೆ ಗಡಿಯಾರದ ಸದ್ದು ಕೇಳುವಷ್ಟು ಹೊತ್ತು ಕೂತೆವು. ಆಮೇಲೆ ಮೆಲ್ಲಗೆ, ‘ಇನ್ಮೇಲೆ ಪೇಷಂಟ್ ಕೈ ಹಿಡಿಯೋ ಕೆಲಸ ನಂದಾಗಿರಲ್ಲ’ ಎಂದರು. ಕಣ್ಣು ತುಂಬಿತು. ದೀರ್ಘವಾಗಿ ಉಸಿರು ಬಿಟ್ಟರು, ಭುಜ ಇಳಿಯಿತು, ಹೊಟ್ಟೆ ಒತ್ತಿದ್ದ ಕೈ ತಾನಾಗಿ ಮಡಿಲಿಗೆ ಜಾರಿತು. ಸರಿಯಾದ ಮಾತು ಸಿಕ್ಕಾಗ ಮೈಯೇ ಹೀಗೆ ಒಪ್ಪಿಗೆ ಕೊಡುತ್ತದೆ. ಅದನ್ನು ಇನ್ನೊಬ್ಬರು ಹುಡುಕಿಕೊಡಲು ಆಗುವುದಿಲ್ಲ, ಎಷ್ಟೇ ಓದಿದವರಾದರೂ.

ನಮ್ಮ ಭಾಷೆಯಲ್ಲಿ ಇದಕ್ಕೆ ಮಾತುಗಳ ಬರವಿಲ್ಲ. ಎದೆ ಧಸಕ್ಕೆಂದಿತು, ಕರುಳು ಚುರ್ ಎಂದಿತು, ಗಂಟಲು ಕಟ್ಟಿತು, ಜೀವ ಹಿಂಡಿದ ಹಾಗಾಯಿತು, ಮನಸ್ಸು ಒಪ್ಪಲಿಲ್ಲ. ಒಂದೊಂದಕ್ಕೂ ಬೇರೆ ಜಾಗ, ಬೇರೆ ತೂಕ. ಇವನ್ನೆಲ್ಲ ಬಿಟ್ಟು ಎಲ್ಲದಕ್ಕೂ ‘ಸ್ಟ್ರೆಸ್’ ಅಂದುಬಿಟ್ಟರೆ ನಮಗೆ ನಾವೇ ಅರ್ಥವಾಗುವ ಬಾಗಿಲು ಮುಚ್ಚಿದಂತೆ. ನನ್ನ ಬಳಿ ಬರುವವರಿಗೆ ಮನೆಯಲ್ಲಿ ಅಜ್ಜಿ ಬಳಸುತ್ತಿದ್ದ ಮಾತಿನಲ್ಲೇ ಹೇಳಿ ಎನ್ನುತ್ತೇನೆ.

ಒಂದು ಎಚ್ಚರಿಕೆ ಹೇಳಲೇಬೇಕು. ಖಿನ್ನತೆಯಲ್ಲಿರುವವರಿಗೆ ‘ನಾನಿದ್ದೂ ಪ್ರಯೋಜನವಿಲ್ಲ’ ಎಂಬ ಯೋಚನೆಯೂ ಒಳಗಿನ ಸತ್ಯದ ಹಾಗೆಯೇ ಕೇಳಿಸುತ್ತದೆ. ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ಮುತ್ತುವ ವಿಪರೀತ ಭಯ, ಇರುವವರ ಎದೆಬಡಿತ ಪ್ರತಿಸಲ ‘ಈಗ ಸಾಯುತ್ತೀಯ’ ಎನ್ನುತ್ತದೆ. ಅಂಥ ಹೊತ್ತಿನಲ್ಲಿ ಒಳದನಿಯನ್ನು ನಂಬಿ ಒಬ್ಬರೇ ಕೂರಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಉಳಿದವರಿಗೆ ನಾನು ಹೇಳುವುದು ಒಂದು ಚಿಕ್ಕ ಪುಸ್ತಕ ಇಡಿ ಎಂದು. ‘ಯಾಕೋ ಹೀಗನ್ನಿಸಿತು’ ಎಂಬುದನ್ನು ತಾರೀಖು ಹಾಕಿ ಬರೆಯಿರಿ, ಮೈಯಲ್ಲಿ ಎಲ್ಲಿ ಎಂಬುದನ್ನೂ ಸೇರಿಸಿ. ಮೂರು ತಿಂಗಳ ನಂತರ ತೆಗೆದು ನೋಡಿ. ನಿಜವಾದದ್ದನ್ನು ಮಾತ್ರ ನೆನಪಿಟ್ಟುಕೊಂಡು ಹುಸಿಹೋದದ್ದನ್ನು ಮರೆಯುವುದು ಮನಸ್ಸಿನ ಅಭ್ಯಾಸ. ಬರೆದಿಟ್ಟದ್ದು ಮರೆಯಲು ಬಿಡುವುದಿಲ್ಲ. ಮಕ್ಕಳ ವಿಷಯದಲ್ಲಿ ತಮ್ಮ ಅನಿಸಿಕೆ ಸಾಮಾನ್ಯವಾಗಿ ಸರಿಯಿರುತ್ತದೆ, ಗಂಡನ ಮನೆಯವರ ವಿಷಯದಲ್ಲಿ ಬಹಳ ಸಲ ತಪ್ಪುತ್ತದೆ ಎಂದು ಒಬ್ಬ ಗೃಹಿಣಿ ಹೀಗೆ ಕಂಡುಕೊಂಡರು. ಆ ಸಂಸಾರದ ಜಗಳಗಳಲ್ಲಿ ಎಷ್ಟೋ ಅಲ್ಲಿಗೇ ತಣ್ಣಗಾದವು.

ನರ್ಸ್ ಇನ್‌ಚಾರ್ಜ್ ಹುದ್ದೆ ಒಪ್ಪಿಕೊಂಡರು. ಗಂಟಲಿಗಾಗಿ ಆರು ವಾರ ನನ್ನೆದುರು ವರದಿಗಳನ್ನು ಗಟ್ಟಿಯಾಗಿ ಓದಿದರು. ಮೊನ್ನೆ ಬಂದಿದ್ದರು. ಮೀಟಿಂಗ್ ಹಿಂದಿನ ರಾತ್ರಿ ಗಂಟಲು ಈಗಲೂ ಕಟ್ಟುತ್ತದಂತೆ, ನೀರು ಕುಡಿದು ಮಲಗುತ್ತಾರಂತೆ. ಹೊಟ್ಟೆಯಲ್ಲಿ ಗಂಟು ಕಾಣಿಸಿಕೊಂಡ ದಿನ ಮಾತ್ರ ವಾರ್ಡಿಗೆ ಬೇಕಾದ ಸಾಮಾನು ಬರೆಯುವ ಇಂಡೆಂಟ್ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿ, ಹೊಸದಾಗಿ ಸೇರಿದ ರೋಗಿಯ ಬಿಪಿಯನ್ನು ತಾವೇ ನೋಡಿ ಬರುತ್ತಾರೆ.